ಕೆಲಸ ಕೊಡಿಸೋಕೆ ದುಡ್ಡು ಯಾರು ಕೊಡಬೇಕು? ಸ್ಪೋಕೇನ್ ಊರಿನ ಒಂದು ಹಳೇ ಜಗಳ

ಇವತ್ತಿನ ಕಂತು ನಮ್ಮ ಕೇಳುಗರ ಒಂದು ಪ್ರಶ್ನೆಯಿಂದ ಶುರುವಾಗುತ್ತೆ. "ಕನ್ಸಲ್ಟೆನ್ಸಿಯವರು ರಿಜಿಸ್ಟ್ರೇಷನ್ ಫೀಸ್ ಕೇಳ್ತಿದ್ದಾರೆ, ಕಟ್ಟಬಹುದಾ?" ಈ ಪ್ರಶ್ನೆ ನನಗೆ ಬರ್ತಾನೇ ಇರುತ್ತೆ. ಒಂದೇ ಪದದ ಉತ್ತರ ಬೇಕು ಅಂದ್ರೆ, ಬೇಡ. ಆದರೆ ಯಾಕೆ ಬೇಡ ಅಂತ ಗೊತ್ತಾಗಬೇಕಾದರೆ 1909ಕ್ಕೆ, ಅಮೆರಿಕದ ಒಂದು ಊರಿಗೆ ಹೋಗಬೇಕು. ಅದಕ್ಕೂ ಮುಂಚೆ ನನ್ನದೇ ಕಥೆ ಸ್ವಲ್ಪ ಕೇಳಿ.

ಬಿ.ಕಾಂ ಮುಗಿಸಿ ತುಮಕೂರಿನ ಕಡೆಯಿಂದ ಬೆಂಗಳೂರಿಗೆ ಬಂದ ಹೊಸತು. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ರೂಮಿನ ಆಫೀಸು. 1,800 ರೂಪಾಯಿ ಕಟ್ಟಿಸಿಕೊಂಡರು. ರಸೀದಿ ಕೊಟ್ಟರು, ಕೆಳಗೆ ಸಣ್ಣಕ್ಷರದಲ್ಲಿ "ಹಣ ವಾಪಸ್ ಇಲ್ಲ" ಅಂತಿತ್ತು. ಮೊದಲು ಕಳಿಸಿದ ಕಂಪನಿಯಲ್ಲಿ ಕೆಲಸವೇ ಖಾಲಿ ಇರಲಿಲ್ಲ. ಎರಡನೇ ಕಡೆ ಸಂಬಳ ಇಲ್ಲ, ಪಾಲಿಸಿ ಮಾರಿದರೆ ಮಾತ್ರ ಕಮಿಷನ್. ಮೂರನೇ ಕಡೆ ಡೇಟಾ ಎಂಟ್ರಿ ಕೆಲಸ ನಿಜವಾಗಿಯೂ ಸಿಕ್ಕಿತು. ಇಪ್ಪತ್ತು ದಿನಕ್ಕೆ "ಟ್ರಯಲ್ ಮುಗೀತು" ಅಂತ ನಮ್ಮ ಇಡೀ ಬ್ಯಾಚನ್ನ ಕಳಿಸಿದರು. ನಾವು ಮೆಟ್ಟಿಲು ಇಳಿಯುವಾಗ ಅದೇ ಕನ್ಸಲ್ಟೆನ್ಸಿಯ ಫೈಲು ಹಿಡಿದುಕೊಂಡು ಹೊಸ ಬ್ಯಾಚು ಹತ್ತುತ್ತಾ ಇತ್ತು.

ಇದರ ಮಧ್ಯೆ ಇನ್ನೊಂದು ಆಯ್ತು. "ಫ್ರೆಂಡ್ ಯಾರನ್ನಾದರೂ ಕರ್ಕೊಂಡು ಬನ್ನಿ, ನಿಮಗೆ ಐನೂರು ವಾಪಸ್ ಕೊಡ್ತೀವಿ" ಅಂದಿದ್ದರು. ನಾನು ನನ್ನ ಪಿಜಿಯ ರೂಂಮೇಟನ್ನ ಕರ್ಕೊಂಡು ಹೋದೆ. ಆ ಐನೂರರ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ.

ಈಗ ಸ್ಪೋಕೇನ್. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಊರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸುತ್ತಲಿನ ಕಾಡಿನಲ್ಲಿ ಮರ ಕಡಿಯುವ ಕೆಲಸ, ರೈಲು ಹಳಿ ಹಾಕುವ ಕೆಲಸ, ಗಣಿ, ಗೋಧಿ ಕೊಯ್ಲು, ಎಲ್ಲಕ್ಕೂ ಆಳುಗಳು ಹೊರಡುತ್ತಿದ್ದದ್ದು ಈ ಊರಿನಿಂದ. ಅಲ್ಲಿನ ಸ್ಟೀವನ್ಸ್ ರಸ್ತೆಯಲ್ಲಿ ಉದ್ಯೋಗ ಏಜೆನ್ಸಿಗಳ ಸಾಲೇ ಇತ್ತು. ಹೊರಗೆ ಹಲಗೆಯ ಮೇಲೆ ಬರೆದಿರುತ್ತಿದ್ದರು: ಇಂಥ ಕ್ಯಾಂಪಿಗೆ ಇಷ್ಟು ಜನ ಬೇಕು. ಸಾಮಾನ್ಯವಾಗಿ ಒಂದು ಡಾಲರ್ ಕಟ್ಟಿದರೆ ಒಂದು ಚೀಟಿ. ಅದನ್ನು ಹಿಡಿದು ದೂರದ ಕ್ಯಾಂಪಿಗೆ ಹೋಗಬೇಕು.

ಹೋದರೆ ಒಮ್ಮೊಮ್ಮೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಇದ್ದರೂ ಕೆಲವೇ ದಿನ. ಅಲ್ಲಿನ ಮೇಸ್ತ್ರಿ ಆಳನ್ನು ಬಿಡಿಸಿ ಕಳಿಸುತ್ತಿದ್ದ, ಏಜೆನ್ಸಿಯಿಂದ ಹೊಸ ಆಳು ಬರುತ್ತಿದ್ದ, ಹೊಸ ಡಾಲರಿನಲ್ಲಿ ಏಜೆಂಟನಿಗೂ ಮೇಸ್ತ್ರಿಗೂ ಪಾಲು. ಕಾರ್ಮಿಕರ ನಡುವೆ ಒಂದು ತಮಾಷೆಯೇ ಹುಟ್ಟಿಕೊಂಡಿತ್ತು. ಈ ಏಜೆಂಟರು ಎಂದೂ ನಿಲ್ಲದ ಯಂತ್ರ ಕಂಡುಹಿಡಿದಿದ್ದಾರೆ, ಒಂದು ತಂಡ ಬರುತ್ತಾ, ಒಂದು ತಂಡ ಕೆಲಸದಲ್ಲಿ, ಒಂದು ತಂಡ ಹೋಗ್ತಾ ಇರುತ್ತೆ ಅಂತ. ಇದನ್ನು ಮೊದಲ ಸಲ ಓದಿದಾಗ ನನಗೆ ಆ ಬೇಕರಿಯ ಮೆಟ್ಟಿಲು ನೆನಪಾಯ್ತು.

ಆಗ ಐ.ಡಬ್ಲ್ಯು.ಡಬ್ಲ್ಯು. ಅನ್ನುವ ಕಾರ್ಮಿಕ ಸಂಘಟನೆ, 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು, ಸ್ಪೋಕೇನ್‌ನಲ್ಲಿ ಪ್ರಚಾರ ಶುರುಮಾಡಿತು. ಅವರ ಮಾತು ಬಹಳ ಸರಳ: ಕೆಲಸವನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಆಳು ಬೇಕಾದ ಮಾಲೀಕ ನೇರವಾಗಿ ಬಂದು ಕರೆಯಲಿ. ಏಜೆನ್ಸಿಗಳ ಎದುರಿನ ರಸ್ತೆಯಲ್ಲೇ ನಿಂತು ಭಾಷಣ ಮಾಡುತ್ತಿದ್ದರು. ನಗರಸಭೆ ಏನು ಮಾಡಿತು ಗೊತ್ತಾ? ಏಜೆನ್ಸಿಗಳನ್ನು ಮುಚ್ಚಲಿಲ್ಲ, ರಸ್ತೆ ಭಾಷಣವನ್ನೇ ನಿಷೇಧಿಸಿತು. ಸಾಲ್ವೇಷನ್ ಆರ್ಮಿಯಂಥ ಧಾರ್ಮಿಕ ಗುಂಪುಗಳಿಗೆ ಆಮೇಲೆ ವಿನಾಯಿತಿಯೂ ಸಿಕ್ಕಿತು.

1909ರ ನವೆಂಬರ್ 2ರಂದು ಕಾರ್ಮಿಕರು ಒಬ್ಬೊಬ್ಬರಾಗಿ ಪೆಟ್ಟಿಗೆ ಹತ್ತಿ ಮಾತು ಶುರುಮಾಡಿದರು. ಒಂದೆರಡು ಮಾತು ಆಡುವಷ್ಟರಲ್ಲಿ ಪೊಲೀಸರು ಎಳೆದುಕೊಂಡು ಹೋಗುತ್ತಿದ್ದರು, ಮುಂದಿನವನು ಹತ್ತುತ್ತಿದ್ದ. ಮೊದಲ ದಿನವೇ ನೂರಕ್ಕೂ ಹೆಚ್ಚು ಜನ ಒಳಗೆ. ಜೈಲು ತುಂಬಿತು, ಖಾಲಿ ಬಿದ್ದಿದ್ದ ಒಂದು ಶಾಲೆಯನ್ನೂ ಜೈಲು ಮಾಡಿದರು. ಚಳಿಗಾಲ, ಊಟಕ್ಕೆ ಬ್ರೆಡ್ಡು ಮತ್ತು ನೀರು. ಎಲಿಜಬೆತ್ ಗರ್ಲಿ ಫ್ಲಿನ್ ಅನ್ನುವ ಹತ್ತೊಂಬತ್ತು ವರ್ಷದ ಗರ್ಭಿಣಿ, ಬಂಧಿಸೋದು ತಡವಾಗಲಿ ಅಂತ ಬೀದಿ ದೀಪದ ಕಂಬಕ್ಕೆ ತನ್ನನ್ನೇ ಸರಪಳಿ ಹಾಕಿಕೊಂಡಳು. 1910ರ ಮಾರ್ಚ್‌ನಲ್ಲಿ ನಗರಾಡಳಿತ ರಾಜಿಗೆ ಬಂತು. ಊರಿನ 31 ಏಜೆನ್ಸಿಗಳಲ್ಲಿ 19ರ ಲೈಸೆನ್ಸ್ ರದ್ದಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮುಗಿಯಲಿಲ್ಲ. 1914ರಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರೇ ನೇರ ಮತದಾನದಲ್ಲಿ ಒಂದು ಕಾನೂನು ಮಾಡಿದರು: ಏಜೆನ್ಸಿಗಳು ಕೆಲಸ ಹುಡುಕುವವನಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವಂತಿಲ್ಲ. ಬೇಕಾದರೆ ಮಾಲೀಕನಿಂದ ಪಡೆಯಲಿ. 1917ರಲ್ಲಿ ಆಡಮ್ಸ್ ವಿರುದ್ಧ ಟ್ಯಾನರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ವಾದ ಏನಂದ್ರೆ, ಇದು ಉಪಯುಕ್ತ ವ್ಯಾಪಾರ, ದುರುಪಯೋಗ ಆಗುತ್ತೆ ಅಂತ ಇಡೀ ವ್ಯಾಪಾರವನ್ನೇ ನಿಲ್ಲಿಸೋಕಾಗಲ್ಲ.

ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್ ಒಪ್ಪಲಿಲ್ಲ. ಅವರ ಭಿನ್ನಮತದ ತೀರ್ಪಿನಲ್ಲಿ ಸರ್ಕಾರಿ ತನಿಖೆಗಳಲ್ಲಿ ಕಂಡದ್ದೆಲ್ಲ ಸಾಲಾಗಿ ಬರುತ್ತೆ. ಇಲ್ಲದ ಕೆಲಸಕ್ಕೆ ಫೀಸು, ಮೇಸ್ತ್ರಿಯ ಜೊತೆ ಹಂಚಿಕೆ, ಮತ್ತೆ ಮತ್ತೆ ಕೆಲಸದಿಂದ ತೆಗೆಯೋದು. ತೊಂದರೆ ಇರುವುದು ಯಾರೋ ಕೆಲವು ಕೆಟ್ಟ ಏಜೆಂಟರಲ್ಲಿ ಅಲ್ಲ, ವ್ಯಾಪಾರದ ರೀತಿಯಲ್ಲೇ ಅನ್ನೋದು ಅದನ್ನು ಓದಿದವರಿಗೆ ಅರ್ಥವಾಗುತ್ತೆ.

ಆ ದೇಶದ ಕೋರ್ಟು ದಾರಿಗೆ ಬರೋಕೆ 1941 ಆಗಬೇಕಾಯ್ತು. ಏಜೆನ್ಸಿಯ ಫೀಸು ಮೊದಲ ತಿಂಗಳ ಸಂಬಳದ ಶೇಕಡಾ 10 ದಾಟಬಾರದು ಅನ್ನುವ ನೆಬ್ರಾಸ್ಕ ರಾಜ್ಯದ ಕಾನೂನನ್ನು ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಎತ್ತಿಹಿಡಿದರು. ಆ ತೀರ್ಪು ಬರೆದ ವಿಲಿಯಂ ಡಗ್ಲಸ್ ಬೆಳೆದದ್ದು ಅದೇ ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಲ್ಲಿ. ಆ ಹೊತ್ತಿಗೆ ಬೇರೆ ದೇಶಗಳಲ್ಲೂ ಇದೇ ಚರ್ಚೆ ನಡೆದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1933ರಲ್ಲೇ ಲಾಭಕ್ಕಾಗಿ ಫೀಸು ಪಡೆಯುವ ಏಜೆನ್ಸಿಗಳನ್ನು ಮುಚ್ಚಿಸುವ ಒಪ್ಪಂದ ತಂದಿತ್ತು. 1997ರ ಒಪ್ಪಂದ ಖಾಸಗಿ ಏಜೆನ್ಸಿಗಳು ಇರಲಿ ಅನ್ನುತ್ತೆ, ಆದರೆ ಕೆಲಸಗಾರನಿಂದ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ದುಡ್ಡು ಪಡೆಯಬಾರದು. ವಿನಾಯಿತಿ ಕೊಡಲು ಅವಕಾಶ ಇದೆ, ಮೂಲ ನಿಯಮ ಮಾತ್ರ ಇದೇ.

ಸರಿ, ನಮ್ಮ ಕಡೆ? ನಮ್ಮ ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಬ್ರಿಟಿಷರ ಕಾಲದಲ್ಲಿ ದುಡ್ಡು ಹರಿಯುತ್ತಿದ್ದದ್ದು ಉಲ್ಟಾ ದಿಕ್ಕಿಗೆ. ಮೇಸ್ತ್ರಿ ಬಯಲುಸೀಮೆಗೆ, ಕರಾವಳಿಗೆ ಹೋಗಿ ಆಳಿಗೆ ಮುಂಗಡ ಕೊಟ್ಟು ಕರೆದು ತರುತ್ತಿದ್ದ, ತೋಟದ ದೊರೆಯಿಂದ ಕಮಿಷನ್ ಪಡೆಯುತ್ತಿದ್ದ. ಅದೇನು ಧರ್ಮರಾಜ್ಯ ಆಗಿರಲಿಲ್ಲ ಬಿಡಿ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಹಾಕಲು 1859ರ ಒಂದು ಕಾಯಿದೆಯೇ ಇತ್ತು, ಅದನ್ನು ರದ್ದು ಮಾಡುವ ಕಾಯಿದೆ ಬಂದದ್ದು 1925ರಲ್ಲಿ. ಅಲ್ಲಿ ಸಾಲ ಆಳನ್ನು ಕಟ್ಟಿಹಾಕುತ್ತಿತ್ತು. ಇಲ್ಲಿ ಆಸೆ ಕಟ್ಟಿಹಾಕುತ್ತೆ.

ಎರಡನೇ ಮಹಾಯುದ್ಧ ಮುಗಿದಾಗ ಮನೆಗೆ ಮರಳುವ ಸೈನಿಕರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಸರ್ಕಾರ ಉದ್ಯೋಗ ವಿನಿಮಯ ಕೇಂದ್ರಗಳ ವ್ಯವಸ್ಥೆ ಮಾಡಿತು. 1948ರಲ್ಲಿ ಅವು ಎಲ್ಲರಿಗೂ ತೆರೆದವು. ಹೆಸರು ನೋಂದಾಯಿಸಲು ಫೀಸಿಲ್ಲ. 1959ರ ಕಾಯಿದೆ ಪ್ರಕಾರ ಸರ್ಕಾರಿ ವಲಯದವರು ಮತ್ತು 25 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕಿತ್ತು. ಆದರೆ ಅಲ್ಲಿಂದಲೇ ಆಯ್ಕೆ ಮಾಡಬೇಕು ಅಂತ ಕಾಯಿದೆ ಹೇಳಲಿಲ್ಲ. ನಮ್ಮಪ್ಪನ ಟ್ರಂಕಿನಲ್ಲಿ ಆ ನೋಂದಣಿ ಕಾರ್ಡು ಇನ್ನೂ ಇದೆ. ಕರೆ ಮಾತ್ರ ಬರಲೇ ಇಲ್ಲ. ಅಪ್ಪ ಪುಕ್ಕಟೆ ಕಾದರು, ನಾನು 1,800 ಕೊಟ್ಟು ಕಾದೆ.

ವಿದೇಶದ ಕೆಲಸಕ್ಕಾದರೆ 1983ರ ವಲಸೆ ಕಾಯಿದೆ ಇದೆ. ಏಜೆಂಟ್ ನೋಂದಣಿ ಮಾಡಿಸಿರಲೇಬೇಕು, 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ, ರಸೀದಿ ಕೊಡಬೇಕು. ಏಜೆಂಟನ ಹೆಸರು ಇದೆಯಾ ಅಂತ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೀವೇ ನೋಡಬಹುದು. ಗಲ್ಫ್‌ಗೆ ಹೊರಟವರು ದಯವಿಟ್ಟು ಇದನ್ನು ಮಾಡಿ.

ಈಗ ಕಾಮರ್ಸ್ ಓದಿದವನ ಒಂದು ಮಾತು. ಯಾವುದೇ ವ್ಯಾಪಾರ ಅರ್ಥ ಆಗಬೇಕಾದರೆ ಒಂದೇ ಪ್ರಶ್ನೆ ಕೇಳಿ: ಇವರ ಆದಾಯ ಯಾವಾಗ ಬರುತ್ತೆ? ಕಂಪನಿ ದುಡ್ಡು ಕೊಡೋದಾದರೆ, ಸರಿಯಾದ ವ್ಯಕ್ತಿ ಸಿಕ್ಕು ಕೆಲಸದಲ್ಲಿ ನಿಂತಾಗ ಆದಾಯ. ನೀವು ಮುಂಚೆಯೇ ಕೊಟ್ಟರೆ, ನೀವು ಬಾಗಿಲು ದಾಟಿದ ದಿನವೇ ಅವರ ಆದಾಯ ಮುಗೀತು. ಆಮೇಲೆ ನಿಮಗೆ ಕೆಲಸ ಸಿಗೋದು ಅವರಿಗೆ ಬರೀ ಖರ್ಚು. ನೀವು ಕೆಲಸ ಕಳೆದುಕೊಂಡರೆ ಇನ್ನೊಂದು ಫೀಸು. ಅಂದರೆ ಅಲ್ಲಿ ಮಾರಾಟ ಆಗೋದು ಕೆಲಸ ಅಲ್ಲ, ಸರತಿ ಸಾಲು. ಏಜೆಂಟ್ ಒಳ್ಳೆಯವನೇ ಇರಬಹುದು, ಲೆಕ್ಕ ಮಾತ್ರ ಅವನನ್ನು ಆ ಕಡೆಗೇ ತಳ್ಳುತ್ತೆ. ರಿಜಿಸ್ಟ್ರೇಷನ್, ಫೈಲ್ ಚಾರ್ಜ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಯಾವುದಾದರೂ ಲೆಕ್ಕ ಒಂದೇ. ಆನ್‌ಲೈನಲ್ಲಿ ಕಟ್ಟಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನೇರವಾಗಿ ಕೊಟ್ಟಿದ್ದರೆ ರಸೀದಿ ಹಿಡಿದು ಠಾಣೆಗೆ ಹೋಗಿ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ.

ಆ ಐನೂರು ರೂಪಾಯಿ. ಸ್ಪೋಕೇನ್‌ನ ಮೇಸ್ತ್ರಿಯ ಪಾಲಿನ ಬಗ್ಗೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಾನು ಮೋಸಹೋದವನು ಅಂತಲೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಪಾಲು ತಗೊಂಡವನೂ ನಾನೇ. ಮಾರನೇ ದಿನ ಆ ರೂಂಮೇಟ್‌ಗೆ ಫೋನ್ ಮಾಡಿದೆ, ಅವನೀಗ ಹಾಸನದಲ್ಲಿದ್ದಾನೆ. "ನಿನ್ನ ಕರ್ಕೊಂಡು ಹೋಗಿದ್ದಕ್ಕೆ ನಂಗೆ ಐನೂರು ಕೊಟ್ಟಿದ್ರು ಕಣೋ, ನಿಂಗೆ ಹೇಳಿರಲಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ನಾನೂ ನಮ್ಮೂರ ಹುಡುಗ ಒಬ್ಬನ್ನ ಕರ್ಕೊಂಡು ಹೋಗಿದ್ದೆ ಕಣೋ."