ಹಾದಿಯವರ ರೀಚಾರ್ಜು: ಬಾಗಲಕೋಟೆ ಸೀಮೆಯ ಒಂದು ಚರಿತ್ರೆ

ಹಾದಿಯ ಮೇಲಿರುವವರ ಮಾತಿಗೆ ದರ ಕಟ್ಟುವ ಅಳತೆ ಬಾಗಲಕೋಟೆ ಸೀಮೆಯಲ್ಲಿ ಮತ್ತೆ ಮತ್ತೆ ಬದಲಾಗಿದೆ. ಟೆಲಿಗ್ರಾಮಿನ ಕಾಲಕ್ಕೆ ಶಬ್ದ ಎಣಿಸುತ್ತಿದ್ದರು, ಎಸ್‌ಟಿಡಿ ಬೂತಿನಲ್ಲಿ ದೂರ ಅಳೆಯುತ್ತಿದ್ದರು, ಮೊದಲ ಮೊಬೈಲುಗಳಲ್ಲಿ ರಾಜ್ಯದ ಗಡಿಯೇ ದರವಾಯಿತು. ಈಗ ಎಣಿಕೆಯೆಲ್ಲ ದಿನದ್ದು ಮತ್ತು ಜಿಬಿಯದ್ದು. ಇಲ್ಲಿ ಅಲೆದಾಟವೇ ಅನೇಕರ ಬದುಕು, ಹಾಗಾಗಿ ಈ ಬದಲಾವಣೆಗಳ ಬಿಸಿ ಇಲ್ಲಿನವರಿಗೆ ಹೆಚ್ಚಾಗಿಯೇ ತಟ್ಟಿದೆ. ಇಳಕಲ್ ಸೀರೆಯ ದೊಡ್ಡ ಗಿರಾಕಿ ಮಹಾರಾಷ್ಟ್ರ. ಅದರ ವ್ಯಾಪಾರಿ ಸೊಲ್ಲಾಪುರ, ಕೊಲ್ಲಾಪುರದ ಹಾದಿ ಹಿಡಿಯಲೇಬೇಕು. ಇಳಕಲ್ಲಿನ ಕೆಂಪು ಗ್ರಾನೈಟು ಲಾರಿಯ ಮೇಲೆ ಊರು ಬಿಡುತ್ತದೆ. ಬಾದಾಮಿ, ಹುನಗುಂದ ತಾಲ್ಲೂಕುಗಳ ಒಣಭೂಮಿಯ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುತ್ತವೆ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ ಐನೂರ್ವರು ಎಂಬ ವರ್ತಕರ ಕೂಟ ಸಾವಿರ ವರ್ಷದ ಹಿಂದೆಯೇ ದಕ್ಷಿಣ ಭಾರತವನ್ನು ಸುತ್ತಿತ್ತೆಂಬುದನ್ನು ನೆನೆದರೆ, ಈ ನೆಲಕ್ಕೆ ಹಾದಿಯ ನಂಟು ಹೊಸದಲ್ಲ.

ಟೆಲಿಗ್ರಾಮಿನಲ್ಲಿ ಶಬ್ದ ಹೆಚ್ಚಾದಂತೆ ದುಡ್ಡೂ ಹೆಚ್ಚು. ಅದಕ್ಕೇ ಸಾವಿನ ಸುದ್ದಿಗೂ ನಾಲ್ಕೈದು ಶಬ್ದಕ್ಕಿಂತ ಮೇಲೆ ಯಾರೂ ಬರೆಸುತ್ತಿರಲಿಲ್ಲ, ತಂತಿ ಬಂತೆಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಈ ಸೇವೆ 2013ರ ಜುಲೈವರೆಗೂ ನಡೆಯಿತು. ಟ್ರಂಕ್ ಕಾಲ್‌ಗೆ ಮೂರು ನಿಮಿಷದ ಲೆಕ್ಕ. ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಲ್ಲಿ ಒಂದನ್ನು ಆರಿಸಿ, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕಾಯುತ್ತ ಕೂಡಬೇಕಾಗಿತ್ತು.

ಕಾಯುವುದನ್ನು ತಪ್ಪಿಸಿದ್ದು ಸಣ್ಣ ಊರಿಗೂ ಬಂದ ಸ್ವಯಂಚಾಲಿತ ಎಕ್ಸ್‌ಚೇಂಜು. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು ದೇಶದಲ್ಲಿ ಮೊದಲು ನಿಂತದ್ದು ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಎಸಿ ಇಲ್ಲದೆ, ಬಿಸಿಲು ಧೂಳು ತಡೆದುಕೊಂಡು ನಡೆಯುವ ಯಂತ್ರ ಅದು. ಬಯಲುಸೀಮೆಗೆ ಬೇಕಾದದ್ದೂ ಅಂಥದ್ದೇ. ಆಮೇಲೆ ಬಸ್ ನಿಲ್ದಾಣದ ಪಕ್ಕ, ಧಾಬಾದ ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಹುಟ್ಟಿಕೊಂಡವು. ಬಾಗಲಕೋಟೆಗೆ 08354, ಬಾದಾಮಿಗೆ 08357, ಹುನಗುಂದ ಮತ್ತು ಇಳಕಲ್ಲಿಗೆ ಒಂದೇ 08351. ಲಾರಿ ಚಾಲಕರಿಗೆ ಈ ಕೋಡುಗಳು ಬಾಯಿಪಾಠ. ರಾತ್ರಿ 11ರ ಮೇಲೆ ಕಾಲು ದರವಾದ್ದರಿಂದ ಬೂತಿನ ಮುಂದೆ ಸರದಿ ಬೆಳೆಯುತ್ತಿದ್ದದ್ದು ಆ ಹೊತ್ತಿಗೇ. ಗಾಜಿನ ಗೂಡಿನೊಳಗೆ ತಲೆಯ ಮೇಲೆ ಕೆಂಪಂಕಿಗಳು ಓಡುತ್ತಿದ್ದವು. ಮಾತನಾಡುವವನ ಕಣ್ಣು ಅವುಗಳ ಮೇಲೇ, ರೊಕ್ಕ ಮುಗಿಯುವ ಅಂಕಿ ಬಂದ ಕೂಡಲೇ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಈ ವ್ಯವಸ್ಥೆಯ ಕೊರತೆಯೆಂದರೆ, ಹಾದಿಯಲ್ಲಿದ್ದವನು ಮನೆಗೆ ಕರೆ ಮಾಡಬಹುದಿತ್ತು, ಮನೆಯವರು ಅವನಿಗೆ ಮಾಡುವಂತಿರಲಿಲ್ಲ.

ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿದದ್ದು 2002ರ ಅಕ್ಟೋಬರ್‌ನಲ್ಲಿ. ಮರುವರ್ಷ ಒಳಬರುವ ಕರೆ ಉಚಿತವಾಯಿತು. ಆದರೆ ಈ ಉಚಿತ ಸರ್ಕಲ್ಲಿನ ಒಳಗೆ ಮಾತ್ರ. ಟೆಲಿಕಾಂ ನಕ್ಷೆಯಲ್ಲಿ ಕರ್ನಾಟಕ ಒಂದು ಸರ್ಕಲ್. ಮಹಾರಾಷ್ಟ್ರ ಮತ್ತು ಗೋವಾ ಸೇರಿ ಇನ್ನೊಂದು. ಸೀರೆ ಮಾರುವವನು ಸೊಲ್ಲಾಪುರಕ್ಕೆ ಹೋದರೂ, ಗಾರೆ ಕೆಲಸದವನು ಗೋವಾದ ವಾಸ್ಕೋಕ್ಕೆ ಹೋದರೂ ಪರ ಸರ್ಕಲ್ಲಿಗೇ ಹೋದಂತೆ. ಹುನಗುಂದದಿಂದ ವಿಜಯಪುರ ದಾಟಿ, ಧೂಳಖೇಡದ ಹತ್ತಿರ ಭೀಮೆಯ ಸೇತುವೆ ಮುಗಿಯುವ ಹೊತ್ತಿಗೆ ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು, ಸ್ವಾಗತದ ಎಸ್‌ಎಂಎಸ್. ಅಲ್ಲಿಂದ ಮುಂದೆ ಬಂದ ಕರೆಗೂ ರೋಮಿಂಗ್ ದುಡ್ಡು. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಇದಕ್ಕೆ ನಿಮಿಷಕ್ಕೆ 1.75 ರೂಪಾಯಿಯ ಮಿತಿ ಹಾಕಿತು, 2013ರಲ್ಲಿ 75 ಪೈಸೆ, 2015ರಲ್ಲಿ 45 ಪೈಸೆ.

ಆ ಕಾಲದ ಜಾಣತನವನ್ನು ಗಮನಿಸಬೇಕು. ಮಿಸ್ ಕಾಲ್ ಒಂದು ಭಾಷೆಯೇ ಆಯಿತು: ಒಂದು ರಿಂಗಾದರೆ ಮುಟ್ಟಿದೆವು, ಎರಡಾದರೆ ತಿರುಗಿ ಮಾಡು. ಪಾನ್ ಅಂಗಡಿಯಲ್ಲಿ ಕೊಂಡ ಕೂಪನ್ನಿನ ಬೆಳ್ಳಿಬಣ್ಣವನ್ನು ನಾಣ್ಯದಿಂದ ಗೀರಿ, ಅಕ್ಷರ ಬಾರದವರು ಪಕ್ಕದವರಿಂದ ನಂಬರು ಒತ್ತಿಸಿಕೊಳ್ಳುತ್ತಿದ್ದರು. ಎರಡು ಸಿಮ್ಮಿನ ಅಗ್ಗದ ಸೆಟ್ಟು ಬಂದದ್ದು ಗುಳೆ ಹೋಗುವವರ ಪಾಲಿಗೆ ದೊಡ್ಡ ಅನುಕೂಲ: ಒಂದರಲ್ಲಿ ಊರಿನ ನಂಬರು, ಇನ್ನೊಂದರಲ್ಲಿ ಗೋವಾದ್ದು. ಆದರೆ ಗೋವಾದ ಸಿಮ್ಮಿಗೆ ವಿಳಾಸದ ದಾಖಲೆ ಬೇಕಿತ್ತು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇದ್ದವನಿಗೆ ಅದು ಸುಲಭವಾಗಿ ಸಿಗುತ್ತಿರಲಿಲ್ಲ. ಸರ್ಕಲ್ ನಕ್ಷೆ ಎಳೆದವರ ಲೆಕ್ಕಕ್ಕೆ ಈ ಜನ ಬಂದಿರಲೇ ಇಲ್ಲ ಎನ್ನದೆ ಗತ್ಯಂತರವಿಲ್ಲ.

2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಶುರುವಾದ ಮೇಲೆ ಗಡಿಯ ಲೆಕ್ಕ ಬೇಗನೆ ಅಳಿಯಿತು. ದೇಶದೊಳಗೆ ರೋಮಿಂಗ್ ದುಡ್ಡಿಲ್ಲ ಎಂದು ಅದು ಸಾರಿತು, 2017ರ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ಅದನ್ನು ಕೈಬಿಟ್ಟಿತು. ಅದಕ್ಕೆ ಮೊದಲು ಒಂದು ಜಿಬಿ ಡೇಟಾಕ್ಕೆ 250 ರೂಪಾಯಿಯ ಆಸುಪಾಸು ಕೊಡಬೇಕಿತ್ತು. ಇಡೀ ತಿಂಗಳು ಅಷ್ಟರಲ್ಲೇ ತೂಗಿಸುತ್ತಿದ್ದವರ ಕೈಗೆ ದಿನಕ್ಕೊಂದು ಜಿಬಿ ಬಂತು. ಡೇಟಾ ಬರೀ ಮನರಂಜನೆಯೂ ಆಗಿ ಉಳಿಯಲಿಲ್ಲ. 2018ರ ಏಪ್ರಿಲ್ 1ರಿಂದ 50,000 ರೂಪಾಯಿ ಮೀರಿದ ಸರಕಿಗೆ ಅಂತರರಾಜ್ಯ ಸಾಗಣೆಯ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್ ಕಡ್ಡಾಯವಾಯಿತು. ಗ್ರಾನೈಟ್ ಲಾರಿಯವನ ದಾಖಲೆ ಫೋನಿಗೇ ಬರತೊಡಗಿತು.

ಹಾಟ್‌ಸ್ಪಾಟ್ ಎಂದರೆ ಒಂದು ಫೋನಿನ ನೆಟ್ಟನ್ನು ಸುತ್ತಲಿನವರಿಗೂ ಹಂಚುವುದು. ಆಂಡ್ರಾಯ್ಡ್ ಫೋನುಗಳಿಗೆ ಈ ಅನುಕೂಲ 2010ರಲ್ಲೇ ಬಂದಿದ್ದರೂ, ಡೇಟಾ ಅಗ್ಗವಾಗುವವರೆಗೆ ಹಂಚುವ ಮನಸ್ಸು ಯಾರಿಗೂ ಬರುವಂತಿರಲಿಲ್ಲ. ಪ್ಯಾಕು ಹಾಕಿಸಿದವನು ಹಾಟ್‌ಸ್ಪಾಟ್ ತೆರೆದರೆ ಒಂದೇ ಕೋಣೆಯ ಉಳಿದವರಿಗೆ ಊರಿನ ಮುಖ ಕಾಣುತ್ತದೆ. ಆದರೆ ದಿನದ ಒಂದೂವರೆ ಜಿಬಿ ನಾಲ್ಕು ಜನರಿಗೆ ಹಂಚಿದರೆ ಬಹಳ ಹೊತ್ತು ಬಾಳುವುದಿಲ್ಲ, ಸಾಧಾರಣ ಗುಣಮಟ್ಟದ ಒಂದು ತಾಸಿನ ವಿಡಿಯೊಕ್ಕೇ ಅರ್ಧ ಜಿಬಿ ಬೇಕು. ಮಿತಿ ಮೀರಿದ ಮೇಲೆ ಜಿಯೊದಂಥ ಜಾಲದಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಷ್ಟರಲ್ಲಿ ಅಕ್ಷರದ ಸಂದೇಶ ಹೋಗಬಹುದು, ವಿಡಿಯೊ ಹೋಗದು. ಹಿಂದೆ ರಾತ್ರಿ 11ಕ್ಕೆ ಕಾದವರಂತೆ ಈಗ ಮಧ್ಯರಾತ್ರಿ 12ಕ್ಕೆ ಕಾಯುತ್ತಾರೆ.

ಹಾದಿಯವರಿಗೆ ಜಿಬಿಗಿಂತ ಮೊದಲು ನೋಡಬೇಕಾದದ್ದು ಟವರು. ಹೆದ್ದಾರಿಯ ಮೇಲೆ ಹೇಗೋ ನಡೆದೀತು. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟಗಳು ಸಿಗ್ನಲ್ಲಿಗೆ ಗೋಡೆಯಾಗುತ್ತವೆ. ಜೊತೆಗೆ, ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಟವರಿಗೆ ಜಾಗ ಹುಡುಕುವಾಗ ಈ ಕಾನೂನು ಅಡ್ಡ ಬರುತ್ತದೆ. ಆ ಗುಡಿಗಳಿಗಾಗಿ ಅದನ್ನು ಸಹಿಸಿಕೊಳ್ಳುವುದೇ ಸರಿ. ಬಾದಾಮಿಯ ಬನಶಂಕರಿ ಜಾತ್ರೆಯ ತೊಂದರೆ ಬೇರೆ ಬಗೆಯದು. ಬನದ ಹುಣ್ಣಿಮೆಯ ತೇರಿನ ದಿನ ಸೇರುವ ಜನರೆಲ್ಲರ ಫೋನುಗಳು ಅವೇ ಟವರುಗಳಿಗೆ ಜೋತುಬೀಳುತ್ತವೆ. ಕಡ್ಡಿ ಪೂರ್ತಿ ತೋರಿಸಿದರೂ ನೆಟ್ ಕದಲುವುದಿಲ್ಲ. ಅಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ನಾಟಕ ಕಂಪನಿಯವರಿಗೆ ಬೇರೆ ಬೇರೆ ಕಂಪನಿಯ ಎರಡು ಸಿಮ್ಮು ಇಟ್ಟುಕೊಳ್ಳುವ ಹಳೆಯ ಉಪಾಯ ಹೊಸ ಕಾರಣಕ್ಕೆ ಒದಗುತ್ತದೆ.

ಟವರಾದ ಮೇಲೆ ಅವಧಿ. ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಜಿಯೊ ಪ್ಯಾಕು 2018ರಲ್ಲಿ 149 ರೂಪಾಯಿ ಇತ್ತು. 2019ರ ಡಿಸೆಂಬರ್‌ನಲ್ಲಿ 199, 2021ರ ಡಿಸೆಂಬರ್‌ನಲ್ಲಿ 239, 2024ರ ಜುಲೈನಲ್ಲಿ 299. ತಿಂಗಳು 28 ದಿನವಾದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ದೂರುಗಳು ಹೆಚ್ಚಾದ ಮೇಲೆ, 30 ದಿನದ ಪ್ಯಾಕು ಒಂದಾದರೂ ಇರಲೇಬೇಕೆಂದು ಟ್ರಾಯ್ 2022ರಲ್ಲಿ ವಿಧಿಸಿತು. 84 ದಿನದ ಪ್ಯಾಕಿನಲ್ಲಿ ದಿನದ ಲೆಕ್ಕ ಅಗ್ಗ, ಆದರೆ ವಾರದ ಬಟವಾಡೆ ನಂಬಿದವನ ಕೈಯಲ್ಲಿ ಅಷ್ಟು ರೊಕ್ಕ ಒಮ್ಮೆಗೇ ಇರುವುದಿಲ್ಲ. ಬಡವನಿಗೆ ಹೆಚ್ಚು ದರ ಬೀಳುವುದು ಹೀಗೆ. ದಿನದ ಮಿತಿ ಮುಗಿದಾಗ ಹಾಕಿಸುವ ಡೇಟಾ ವೋಚರ್‌ನ ಅವಧಿಯನ್ನೂ ಓದಿಯೇ ಹಾಕಿಸಬೇಕು.

ಇಷ್ಟರಲ್ಲಿ ಡೇಟಾ ಬೇಡದವರು ಮರೆತುಹೋಗಿದ್ದರು. ಮಂದೆಯ ಹಿಂದೆ ಊರೂರು ಅಲೆಯುವ ಕುರಿಗಾರರಲ್ಲಿ ಬಟನ್ ಫೋನಿನವರು ಇನ್ನೂ ಇದ್ದಾರೆ, ಮಾತಿಗಾಗಿ ಅವರೂ ಡೇಟಾದ ಪ್ಯಾಕನ್ನೇ ಕೊಳ್ಳಬೇಕಾಗಿತ್ತು. ಮಾತು ಮತ್ತು ಎಸ್‌ಎಂಎಸ್‌ಗಷ್ಟೇ ಬೇರೆ ವೋಚರ್ ಕೊಡಬೇಕೆಂದೂ, ವೋಚರ್‌ಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365ಕ್ಕೆ ಏರಿಸಬಹುದೆಂದೂ ಟ್ರಾಯ್ ನಿಯಮ ಮಾಡಿದ್ದು 2024ರ ಡಿಸೆಂಬರ್‌ನಲ್ಲಿ. ಅದರಂತೆ ಬಂದ ವೋಚರ್ ಹಾಕಿಸಿಕೊಂಡ ಕುರಿಗಾರ ಹಟ್ಟಿಗೆ ಫೋನು ಮಾಡಿ ಮಳೆ ಬಂತೇ ಎಂದು ಕೇಳಬಹುದು.