ಮರುದನಿಯ ಸುರುಳಿ

ಕಿರುಗಾವಲಿನ ಸುತ್ತಮುತ್ತ ಹಳೆಯ ಬಾವಿಯೊಳಕ್ಕೆ ಬಗ್ಗಿ ಕೂಗದ ಹುಡುಗ ಅಪರೂಪ. ಕೂಗಿದ ದನಿ ಕಲ್ಲಿಗೆ ತಾಗಿ, ತುಂಬಿಕೊಂಡು ಮೇಲೆ ಬರುತ್ತದೆ. 1656ರ ವಿಜಾಪುರದ ಗೋಲಗುಮ್ಮಟದ ಸೋಜಿಗವೂ ಇದೇ. ಇಗರ್ಜಿಯ ಕೊಳವೆ ಆರ್ಗನ್ನಿಗಂತೂ ಎತ್ತರದ ಕಟ್ಟಡವೇ ಅರ್ಧ ನಾದ.

1935ರಲ್ಲಿ ಅಮೆರಿಕದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಆರ್ಗನ್ನನ್ನು ಮಾರಾಟಕ್ಕೆ ತಂದ. ವಾದ್ಯವೇನೋ ನಡುಮನೆಗೆ ಬಂತು. ಅದರ ಹಿಂದೆ ಗುಮ್ಮಟ ಬರಲಿಲ್ಲ. ನಾದ ಒಣಗಿತು. ದೂರದ ಟೆಲಿಫೋನ್ ಮಾತಿನ ವಿಳಂಬವನ್ನು ಅನುಕರಿಸಲು ಬೆಲ್ ಪ್ರಯೋಗಾಲಯದವರು ಬಳಸಿದ್ದ ಸ್ಪ್ರಿಂಗಿನ ಉಪಾಯವನ್ನೇ ಆತ ಧ್ವನಿಪೆಟ್ಟಿಗೆಯೊಳಗೆ ಇಳಿಸಿದ. ಸುರುಳಿಯ ಒಂದು ತುದಿಯನ್ನು ಧ್ವನಿ ಅದುರಿಸುತ್ತದೆ. ಅಲೆ ಹೋಗಿ ಬಂದು, ಹೋಗಿ ಬಂದು, ಮೆಲ್ಲನೆ ಅಡಗುತ್ತದೆ. ಮೊದಲಿನವು ಎಣ್ಣೆಯ ಕೊಳವೆಗಳಲ್ಲಿ ನಿಂತಿದ್ದವು, ಆಮೇಲಿನವು ಪುಟ್ಟವಾದವು. ಪೆಟ್ಟಿಗೆಗೆ ಕಾಲು ತಗುಲಿದರೆ ಒಳಗೆ ಗುಡುಗು!

1976ರಲ್ಲಿ ಜರ್ಮನಿಯ ಇ.ಎಂ.ಟಿ. 250 ಯಂತ್ರ ಧ್ವನಿಯನ್ನು ಅಂಕಿಗಳಾಗಿಸಿ, ತಡೆದು, ಬೆರೆಸಿ, ಡಿಜಿಟಲ್ ಅನುರಣನವನ್ನು ಕೊಟ್ಟಿತು. ಇಂದು ಅಂಗೈಯಗಲದ ಹಲಗೆ ಆ ಕೆಲಸ ಮಾಡುತ್ತದೆ. ಗುಡುಗಿಲ್ಲ, ಎಣ್ಣೆಯಿಲ್ಲ; ಮುದಿ ಪೆಟ್ಟಿಗೆಗೆ ಹೊಸ ಉಸಿರು. ಆದರೆ ಸುರುಳಿಯ ಆ ನಡುಕದ ದನಿ ಯಾವ ಗುಮ್ಮಟದ್ದೂ ಅಲ್ಲ, ಅದರದೇ. ಅದನ್ನು ಕಿತ್ತೆಸೆದ ಪೆಟ್ಟಿಗೆ ತನ್ನ ಕಾಲವನ್ನೇ ಮರೆತಂತೆ.

ಕಿರುಗಾವಲಿನಲ್ಲಿ ಇಂದಿಗೂ ನೂರಾರು ನಾಡಭತ್ತದ ತಳಿಗಳನ್ನು ಬಿತ್ತಿ ಉಳಿಸಿಕೊಂಡಿದ್ದಾರೆ. ಹೊಸ ತಳಿ ಬೇಡವೆಂದಲ್ಲ. ಬಿತ್ತನೆ ಒಮ್ಮೆ ಅಳಿದರೆ ಮತ್ತೆ ಮೊಳೆಯದೆಂದು. ದುರಸ್ತಿಗಾರನೂ ಅಷ್ಟು ಮಾಡಲಿ: ಹೊಸ ಹಲಗೆಯನ್ನು ಜೋಡಿಸಲಿ, ಹಳೆಯ ತಂತಿಯನ್ನು ಕತ್ತರಿಸದಿರಲಿ, ಸುರುಳಿಯನ್ನು ಪೆಟ್ಟಿಗೆಯಲ್ಲೇ ಬಿಡಲಿ. ಮುಂದೆ ಯಾರಿಗಾದರೂ ಕೇಳಬೇಕೆನಿಸೀತು.