ಕ್ಯಾಂಟೀನಿನ ಋಣಾನುಬಂಧ

ಥಾಣೆ ಜಿಲ್ಲೆಯ ಕೈಗಾರಿಕೆಯ ಇತಿಹಾಸದಲ್ಲಿ ಕಾರ್ಖಾನೆಯ ಕ್ಯಾಂಟೀನಿಗೂ ಒಂದು ಅಧ್ಯಾಯ ಸಲ್ಲಬೇಕು. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಲ್ಲಿ ಕ್ಯಾಂಟೀನನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು 1948ರ ಕಾರ್ಖಾನೆ ಕಾಯಿದೆಯು ರಾಜ್ಯ ಸರಕಾರಗಳಿಗೆ ನೀಡಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ವಾಗ್ಳೆ ಎಸ್ಟೇಟ್, ಡೊಂಬಿವಲಿ, ಥಾಣೆ-ಬೇಲಾಪುರ ರಸ್ತೆಗಳಲ್ಲಿ ಕಾರ್ಖಾನೆಗಳು ಬೆಳೆದಂತೆ ಕ್ಯಾಂಟೀನಿನ ಗುತ್ತಿಗೆ ಹಿಡಿದವರಲ್ಲಿ ನಮ್ಮ ಕರಾವಳಿಯವರು ಅನೇಕರು.

ಹೀಗೆ ಒಂದೇ ಆವರಣದೊಳಗೆ ಎರಡು ಬಗೆಯ ಸಂಸಾರ. ಯಂತ್ರದ ಮುಂದೆ ನಿಂತವನಿಗೆ ಹಾಜರಿ ಪುಸ್ತಕ, ಭವಿಷ್ಯನಿಧಿ, ಯೂನಿಯನ್ನು. ಅವನಿಗೆ ಊಟ ಬಡಿಸುವ ಹುಡುಗನಿಗೆ ಊರಿನ ನಂಟು, ಧನಿಯ ಮಾತು. ಎಷ್ಟೋ ಸಲ ಆ ಮಾತೇ ನೇಮಕಾತಿ ಪತ್ರ. ಊಟ, ವಸತಿ ಅಲ್ಲಿಯೇ. ತಂಗಿಯ ಮದುವೆಗೆ ಮುಂಗಡವೂ ಧನಿಯಿಂದಲೇ. ಧನಿಗಳು ರಾತ್ರಿಶಾಲೆಗೆ ಬಿಟ್ಟದ್ದರಿಂದ ಮೇಲೆ ಬಂದವರು ಮುಂಬಯಿ ಕನ್ನಡಿಗರಲ್ಲಿ ಕಡಿಮೆಯೇನಿಲ್ಲ. ಆದರೆ ಗುತ್ತಿಗೆ ಕೈಬದಲಾದ ದಿನ ಈ ನಂಟಿಗೆ ದಾಖಲೆ ಎಲ್ಲಿಂದ ತರುವುದು? ಉಂಡ ಮನೆಯಲ್ಲಿ ಲೆಕ್ಕ ಕೇಳುವುದಕ್ಕೂ ಸಂಕೋಚ.

1970ರ ಗುತ್ತಿಗೆ ಕಾರ್ಮಿಕ ಕಾಯಿದೆಯು 20 ಅಥವಾ ಹೆಚ್ಚು ಜನರನ್ನಿಟ್ಟ ಗುತ್ತಿಗೆದಾರರಿಗೆ ಪರವಾನಿಗೆಯನ್ನು ವಿಧಿಸಿತು. ಕಡ್ಡಾಯ ಕ್ಯಾಂಟೀನಿನ ನೌಕರರು ಕಾರ್ಖಾನೆ ಕಾಯಿದೆಯ ಮಟ್ಟಿಗೆ ಕಾರ್ಖಾನೆಯವರೇ ಆಗಿದ್ದರು. ಅದರಿಂದಲೇ ಉಳಿದೆಲ್ಲ ಉದ್ದೇಶಗಳಿಗೂ ಹಾಗಾಗುವುದಿಲ್ಲವೆಂದು 1999ರಲ್ಲಿ ಇಂಡಿಯನ್ ಪೆಟ್ರೋಕೆಮಿಕಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಹಿರಿಯರ ಋಣಾನುಬಂಧವನ್ನು ಕೊಂಡಾಡೋಣ. ಜೊತೆಗೆ, ನಮ್ಮ ಹೋಟೆಲು, ಕ್ಯಾಂಟೀನುಗಳಲ್ಲಿ ಇಂದು ದುಡಿಯುವ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿದೆಯೇ ಎಂಬುದನ್ನೂ ನೋಡೋಣ.